ಏಳು ಕೋಟಿಯ ಮೊಳೆ

ಕುದುರೆ ಏರಿ ತಿರುಗುವ ದೇವರು ವಿಠ್ಠಲವಾಡಿಯಲ್ಲಿ ಫ್ರಿಜ್ ಏರಿ ಕುಳಿತಿದ್ದ.

ದೇವರಿಗೇನೂ ಬೇಸರವಿರಲಿಲ್ಲ. ಮೈಲಾರಲಿಂಗ ಗುಡ್ಡದಲ್ಲಿ ಇದ್ದವನು, ಕಂಬಳಿಯ ಮೇಲೆ ಕುಳಿತವನು, ಕುರಿಹಟ್ಟಿಯಲ್ಲಿ ಹಾಲು ಕುಡಿದವನು. ಫ್ರಿಜ್ಜಿನ ನೆತ್ತಿಯ ಸಣ್ಣ ನಡುಕ ಅವನಿಗೆ ಕುದುರೆಯ ಬೆನ್ನಿನ ಹಾಗೆಯೇ ಅನ್ನಿಸಿರಬೇಕು. ಬೇಸರವಿದ್ದದ್ದು ಚಂದ್ರಬಾಯಿಗೆ.

ಚಂದ್ರಬಾಯಿ ಕಲಬುರಗಿ ಸೀಮೆಯ ಹೆಣ್ಣುಮಗಳು. ಗಂಡ ಅಂಬಾರಾಯ ಡೊಂಬಿವಲಿ ಪಕ್ಕದ ಕಲ್ಯಾಣದ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರ ಮುಕಾದಮ, ಅಂದರೆ ಮೂಟೆ ಹೊರುವವರ ಮೇಸ್ತ್ರಿ. ಮದುವೆಯಾಗಿ ಈ ಕಡೆಗೆ ಬರುವಾಗ ಅವಳು ತವರಿನಿಂದ ತಂದದ್ದು ಮೂರೇ ವಸ್ತು: ಕುದುರೆ ಏರಿದ ಮೈಲಾರನ ಹಿತ್ತಾಳೆಯ ಮೂರ್ತಿ, ಒಂದು ಜೋಡಿ ತಾಳ, ಮತ್ತು ಭಂಡಾರದ ಚೀಲ. ಭಂಡಾರವೆಂದರೆ ದೇವರ ಅರಿಶಿನದ ಪುಡಿ. ಆ ಚೀಲ ನೆಲಕ್ಕೆ ತಾಗಬಾರದು, ತೂಗುತ್ತಿರಬೇಕು. ಆದರೆ ತೂಗುಹಾಕಲು ಮೊಳೆ ಬೇಕು, ಮೊಳೆಗೆ ಗೋಡೆ ಬೇಕು. ಬಾಡಿಗೆಗೆ ಹಿಡಿದ ಒಂದೊಂದು ಖೋಲಿಯ ಮಾಲೀಕನೂ ಕೀಲಿಕೈ ಕೊಡುವಾಗ ಅದೇ ಒಂದು ಮಂತ್ರ ಹೇಳುತ್ತಿದ್ದ: "ಗೋಡೆಗೆ ಮೊಳೆ ಹೊಡೆಯಬಾರದು."

ಅವಳ ತವರಿನಲ್ಲಿ ದೇವರಿದ್ದದ್ದು ಗೋಡೆಯೊಳಗೆ. ಮೂಡಣ ಗೋಡೆಯಲ್ಲಿ ಕೊರೆದ ಮಾಡ, ಮಾಡದಲ್ಲಿ ದೀಪ, ದೀಪದ ಹಿಂದೆ ದೇವರು. ಮನೆಗೆ ಬಂದವರು ಮನುಷ್ಯರನ್ನು ಮಾತಾಡಿಸುವ ಮೊದಲು ಮಾಡದ ಕಡೆ ಒಮ್ಮೆ ನೋಡುತ್ತಿದ್ದರು. ಒಂದು ಸಲ ಅಂಬಾರಾಯ ಮೂಟೆಯ ಸಮೇತ ಲಾರಿಯಿಂದ ಬಿದ್ದು, ಮೂಟೆ ಒಡೆದು, ತಾನು ಒಡೆಯದೆ ಎದ್ದು ಬಂದಾಗ ಚಂದ್ರಬಾಯಿ ಹರಕೆ ಹೊತ್ತಳು. "ಯಪ್ಪಾ ಮೈಲಾರ, ನಮ್ಮದಂತ ಒಂದ್ ಗೋಡಿ ಆದ ದಿನ ನಿನಗ ಮಾಡ ಕೊರಸ್ತೀನಿ. ಅಲ್ಲೀತನ ಈ ಫ್ರಿಜ್ಜಿನ ಮ್ಯಾಲ ಹೊಂದ್ಕೊಂಡ್ ಹೋಗು." ದೇವರು ಹೊಂದಿಕೊಂಡು ಹೋದ. ಹರಕೆ ಮಾತ್ರ ಹಳೆಯದಾಗುತ್ತ ಹೋಯಿತು. ಹಳೆಯ ಹರಕೆ ಹಳೆಯ ಹುಣಸೆಯ ಹಾಗೆ, ದಿನ ಕಳೆದಷ್ಟೂ ಕಪ್ಪು, ದಿನ ಕಳೆದಷ್ಟೂ ಹುಳಿ.

ಈಗ ಅವರು ಬಾಡಿಗೆಗಿದ್ದ ವಿಠ್ಠಲವಾಡಿಯ ಚಾಳನ್ನೇ ಕೆಡವುತ್ತಾರೆಂದು ಆಯಿತು. ಹೋಗಲು ಹೊಸ ಮನೆ ಬೇಕು. ಕೂಡಿಟ್ಟದ್ದಕ್ಕೆ ಬ್ಯಾಂಕಿನದು ಸೇರಿಸಿದರೆ ಡೊಂಬಿವಲಿಯ ಹಳೆಯ ಬಿಲ್ಡಿಂಗಿನಲ್ಲಿ ಒಂದು ರೂಮು ಮತ್ತು ಕಿಚನ್ ಬರುವಂತಿತ್ತು. ಪಕ್ಕದ ಖೋಲಿಯ ಅನಸೂಯಾ ಜೋಳದ ರೊಟ್ಟಿ ಮಾಡಿ ಡೊಂಬಿವಲಿಯ ಮನೆಗಳಿಗೆ ಕೊಡುತ್ತಿದ್ದವಳು. ಅವಳೇ ಒಂದು ಮನೆ ಹೇಳಿದಳು. ರೈಲ್ವೆಯಿಂದ ನಿವೃತ್ತರಾದ ರಮಾಕಾಂತ ಕಾಕಾ ಎಂಬವರದು. ಊರು ಸೊಲ್ಲಾಪುರ, ಮಾತು ಮರಾಠಿ, ಸಿಟ್ಟು ಬಂದಾಗ ಮತ್ತು ಪ್ರೀತಿ ಬಂದಾಗ ಕನ್ನಡ. ಮಗಳು ಸಂಯುಕ್ತಾ ಸಾನಪಾಡಾದಲ್ಲಿ ಇರುವುದರಿಂದ ಅಲ್ಲಿಗೇ ಹೋಗುತ್ತಾರಂತೆ.

ಗಂಡ ಹೆಂಡತಿ ಹೋಗಿ ಮನೆ ನೋಡಿದರು. ಅಂಬಾರಾಯ ನಲ್ಲಿ ತಿರುಗಿಸಿ ನೋಡಿದ, ಬಾಗಿಲು ಹಾಕಿ ತೆಗೆದು ನೋಡಿದ. ಚಂದ್ರಬಾಯಿ ನೋಡಿದ್ದು ಮೂಡಣ ಗೋಡೆಯನ್ನು. ಬೋಳು ಗೋಡೆ, ನಟ್ಟನಡುವೆ ಒಂದೇ ಒಂದು ಮೊಳೆ, ಮೊಳೆಗೆ ಒಂದು ಹಳೆಯ ಬಟ್ಟೆಯ ಚೀಲ. ಗೋಡೆಯೂ ತನ್ನನ್ನು ನೋಡುತ್ತಿದೆ ಎಂದು ಅವಳಿಗೆ ಅನ್ನಿಸಿತು. ಅಂಬಾರಾಯ, "ಕಾಕಾ, ಹೆಂಗರಿ ಮನಿ?" ಎಂದು ಕೇಳಿದ್ದಕ್ಕೆ ಮುದುಕರು ಕೈ ಮುಗಿದು, "ನನ್ನ ಕಡಿ ಏಜೆಂಟ್ ಇದ್ದಾರ್ರಿ. ಮಾತು ಅವರದು. ನಾ ಬರೇ ಮನಿ ತೋರಸಾಂವ" ಎಂದರು.

ಅಂದು ಸಂಜೆ ಚಾಳಿನ ಕಟ್ಟೆಯ ಮೇಲೆ ಅನಸೂಯಾ ರೊಟ್ಟಿಯ ಬುಟ್ಟಿ ಇಳಿಸಿ ನ್ಯಾಯ ಹೇಳಿದಳು.

"ನೋಡ್ ಚಂದ್ರಕ್ಕ, ಅವ್ರ ಏಜೆಂಟ್ ಅವ್ರ ಕಡಿ ಮಾತಾಡ್ತಾನ. ನಿಮ್ ಕಡಿ ಯಾರದಾರ? ಲಗ್ನದಾಗ ಗಂಡಿನ ಕಡ್ಯಾಂವ ಬಂದು ಹೆಣ್ಣಿನ ಕಡಿ ಮಾತು ತಾನ ಆಡಿದ್ರ ನಡಿತೈತೇನು? ನಿಮಗ ನಿಮ್ಮಾಂವ ಒಬ್ಬ ಬೇಕು."

"ಒಂದ್ ಮನೀಗಿ ಎರಡ್ ದಲಾಲ್ರಾ?" ಎಂದ ಅಂಬಾರಾಯ. "ಒಂದ್ ಕೋಳೀಗಿ ಇಬ್ರು ಕಟುಕ್ರು ಇದ್ದಂಗಾತು."

"ಕೋಳಿ ಯಾರಂತ ತಿಳದೈತೇನ್ ಮಾವಾ? ಮನಿ ಅಲ್ಲ. ನೀನು!"

ಚಾಳಿನವರೆಲ್ಲ ನಕ್ಕರು. ನಗುವಿನಲ್ಲಿ ನ್ಯಾಯ ತೀರ್ಮಾನವಾಯಿತು. ಆದರೆ ತಮ್ಮವನನ್ನು ಎಲ್ಲಿಂದ ತರುವುದು?

ದೇವರು ದಾರಿ ತೋರಿಸುವುದು ಗುಡಿಯಲ್ಲೇ ಎಂದೇನಿಲ್ಲ, ಲೋಕಲ್ ಟ್ರೇನಿನಲ್ಲೂ ತೋರಿಸುತ್ತಾನೆ. ಯಾವುದೋ ಕೆಲಸಕ್ಕೆ ಠಾಣೆ ಊರಿಗೆ ಹೋಗಿ ಬರುವಾಗ, ಮುಂಬ್ರಾದ ಗುಡ್ಡ ದಾಟುವ ಗದ್ದಲದಲ್ಲಿ, ಅಂಬಾರಾಯನ ಕಂಕುಳಿಗೆ ಆತುಕೊಂಡು ನಿಂತಿದ್ದ ಇಬ್ಬರು ಕರಾವಳಿಯವರು ಮಾತಾಡುತ್ತಿದ್ದರು.

"ಸರ್ವೋತ್ತಮರ ಅರ್ಥ ಕೇಳಿದ್ದೀರಾ ಮಾರಾಯ್ರೇ? ಡೊಂಬಿವಲಿಯಲ್ಲಿ ಅವರ ಹಾಗೆ ಅರ್ಥ ಹೇಳುವವರು ಇನ್ನೊಬ್ಬರಿಲ್ಲ."

"ಎದುರಿನವ ಬಾಯಿ ತೆರೀಲಿಕ್ಕುಂಟಾ! ಹಗಲು ಮನೆ ಮಾರಿಸುವ ಏಜೆಂಟ್, ಶನಿವಾರ ಅರ್ಥ."

ಅಂಬಾರಾಯನ ಎದೆ ಹಿಗ್ಗಿತು. ಏಜೆಂಟ್, ಕನ್ನಡದವನು, ಅರ್ಥ ಹೇಳುವವನು! ಮನೆಯ ಕಾಗದವೆಂದರೆ ತುದಿಮೊದಲು ತಿಳಿಯದ ಇಂಗ್ಲಿಷು. ಅದರ ಅರ್ಥ ಬಿಡಿಸಿ ಹೇಳುವವನಿಗಿಂತ ಒಳ್ಳೆಯವನು ಎಲ್ಲಿ ಸಿಕ್ಕಾನು? ಅರ್ಥ ಹೇಳುವುದು ಎಂಬ ಮಾತಿಗೆ ಕರಾವಳಿಯಲ್ಲಿ ಬೇರೆಯೇ ಅರ್ಥ ಉಂಟೆಂದು ಕಲಬುರಗಿಯ ಅಂಬಾರಾಯನಿಗೆ ಹೇಳುವವರು ಆ ಡಬ್ಬಿಯಲ್ಲಿ ಯಾರೂ ಇರಲಿಲ್ಲ. ಇದ್ದವರು ದಿವಾ ಸ್ಟೇಷನ್ನಿನಲ್ಲಿ ಇಳಿದುಹೋದರು.

ಸರ್ವೋತ್ತಮರ ಆಫೀಸು ಡೊಂಬಿವಲಿಯ ಒಂದು ಬಿಲ್ಡಿಂಗಿನ ಜಿನ್ನೆಯ, ಅಂದರೆ ಮೆಟ್ಟಿಲುಸಾಲಿನ, ಕೆಳಗೆ ಇತ್ತು. ಎತ್ತರದ ಆಳು, ಎತ್ತರದ ದನಿ. ತಲೆ ಮೆಟ್ಟಿಲಿಗೆ ತಾಗುವುದರಿಂದ ಬಾಗಿ ಕುಳಿತಿದ್ದರು, ದನಿ ಮಾತ್ರ ಬಾಗಿರಲಿಲ್ಲ. ಚಂದ್ರಬಾಯಿ ಊರಿನ ರೀತಿಯಂತೆ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಅವರ ಮುಂದೆ ನೀಡಿದಳು. ಸರ್ವೋತ್ತಮರ ಕಣ್ಣು ತುಂಬಿತು.

"ವೀಳ್ಯ ಕೊಟ್ಟಿರಾ ಅಕ್ಕಾ! ಈಗಿನವರು ಆಧಾರ್ ಕಾರ್ಡಿನ ಜೆರಾಕ್ಸ್ ಕೊಡ್ತಾರೆ. ವೀಳ್ಯ ಹಿಡಿದ ಮೇಲೆ ಮುಗಿಯಿತು. ನಿಮ್ಮ ಪರವಾಗಿ ನಾನು ಅರ್ಥ ಹೇಳ್ತೇನೆ. ಪ್ರಾಣ ಹೋದರೂ ಪರ ಬಿಡ್ಲಿಕ್ಕಿಲ್ಲ." ವೀಳ್ಯವನ್ನು ಕಣ್ಣಿಗೊತ್ತಿಕೊಂಡರು. "ಯಾವ ಮನೆ?"

ಮನೆ ಹೇಳಿದರು. ಸರ್ವೋತ್ತಮರ ಮುಖ ಸಣ್ಣಗಾಯಿತು.

"ರಮಾಕಾಂತ ಕಾಕಾರದ್ದಾ? ಆ ಕಡೆಯ ಏಜೆಂಟ್ ನನಗೆ ಗೊತ್ತು ಮಾರಾಯ್ರೇ. ಬಲು ಗಟ್ಟಿ ಆಸಾಮಿ. ಮಾತಿನಲ್ಲಿ ಸೋತದ್ದು ಅಂತ ಇಲ್ಲ. ಅವನ ಎದುರು ನಿಲ್ಲುವುದು ಅಂದರೆ..." ಸ್ವಲ್ಪ ಹೊತ್ತು ಮೆಟ್ಟಿಲಿನ ಅಡಿಭಾಗ ನೋಡಿದರು. "ಆಗಲಿ. ನೋಡುವ. ನಾನೂ ಕಡಿಮೆ ಏನಲ್ಲ."

ಹಿಂದಿರುಗುವಾಗ ಅಂಬಾರಾಯ, "ಖರೇ ಹೇಳೋ ಮನಶ್ಯಾ. ಎದುರಿನಾಂವಗ ಹೊಗಳೋ ದೊಡ್ಡಗುಣ ನೋಡು" ಎಂದ. ಚಂದ್ರಬಾಯಿಗೂ ಹಾಗೆಯೇ ಅನ್ನಿಸಿತು.

ಗೊತ್ತಾದ ಭಾನುವಾರ ಬೆಳಿಗ್ಗೆ ಎಲ್ಲರೂ ರಮಾಕಾಂತ ಕಾಕಾರ ಮನೆಯಲ್ಲಿ ಸೇರಿದರು. ಕಾಕಾ ಒಬ್ಬರು, ಗಂಡ ಹೆಂಡತಿ ಇಬ್ಬರು, ಸರ್ವೋತ್ತಮರು. ಚಹಾ ಬಂತು.

"ನಿಮ್ಮ ಏಜೆಂಟ್ ಇನ್ನಾ ಬಂದಿಲ್ಲೇನ್ರಿ ಕಾಕಾ?" ಎಂದು ಅಂಬಾರಾಯ ಕೇಳಿದ.

"ಬಂದಾರಲ್ಲ," ಎಂದು ಕಾಕಾ ಸರ್ವೋತ್ತಮರನ್ನು ತೋರಿಸಿದರು. "ನಿಮ್ಮಾಂವ ಎಲ್ಲಿ?"

"ಇವರ," ಎಂದು ಅಂಬಾರಾಯನೂ ಸರ್ವೋತ್ತಮರನ್ನೇ ತೋರಿಸಿದ.

ಇಬ್ಬರ ಬೆರಳೂ ಒಂದೇ ಎದೆಗೆ ನಾಟಿ ನಿಂತವು. ಸರ್ವೋತ್ತಮರು ನಾಚಲಿಲ್ಲ, ಬೆವರಲಿಲ್ಲ. ಎದ್ದು ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಎದುರುಬದುರು ಇಟ್ಟರು.

"ಕಾಕಾರು ಮೊದಲೇ ವೀಳ್ಯ ಕೊಟ್ಟಿದ್ದಾರೆ. ನೀವೂ ಕೊಟ್ಟಿದ್ದೀರಿ. ಎರಡಕ್ಕೂ ದ್ರೋಹ ಮಾಡ್ಲಿಕ್ಕಿಲ್ಲ. ಬಲಗಡೆ ಕೂತಾಗ ನಿಮ್ಮವ. ಎಡಗಡೆ ಕೂತಾಗ ಅವರವ. ಕೆಲವರು ಇದನ್ನು ಕದ್ದು ಮಾಡ್ತಾರೆ. ನಾನು ಕಣ್ಣೆದುರೇ ಮಾಡ್ತೇನೆ. ಅರ್ಥ ಅಂದರೆ ಅರ್ಥ."

ಆಗ ತಿಳಿಯಿತು ಸಂಗತಿ. ಕರಾವಳಿಯಲ್ಲಿ ತಾಳಮದ್ದಳೆ ಎಂಬ ಆಟ ಉಂಟು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಪಾತ್ರ ಹೊತ್ತವರು ಎದುರುಬದುರು ಕುಳಿತು ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಎದುರಿನ ಕಲಾವಿದ ಬಾರದೆ ಹೋದ ದಿನ ಎರಡು ಪಾತ್ರಕ್ಕೂ ಒಬ್ಬರೇ ಅರ್ಥ ಹೇಳುವ ಸಾಮರ್ಥ್ಯ ಸರ್ವೋತ್ತಮರದು.

"ನಾ ಕಾಗದದ ಅರ್ಥ ಅಂತ ತಿಳಕೊಂಡಿದ್ದೆ," ಎಂದು ಅಂಬಾರಾಯ ಹೆಂಡತಿಯ ಕಿವಿಯಲ್ಲಿ ಹೇಳಿದ.

"ಸುಮ್ ಕೂಡ್ರಿ. ವೀಳ್ಯ ಕೊಟ್ಟಾಗದ," ಎಂದಳು ಚಂದ್ರಬಾಯಿ.

ಬಲಗಡೆಯ ಸರ್ವೋತ್ತಮರು ಗಂಟಲು ಸರಿಮಾಡಿದರು.

"ಎಲೈ ಮಾರುವವರ ಪ್ರತಿನಿಧಿಯೇ! ಈ ಮನೆಯ ಬಚ್ಚಲಿನ ಗೋಡೆಯಲ್ಲಿ ತೇವ ಕಾಣುತ್ತಿದೆಯಲ್ಲ, ಇದಕ್ಕೆ ಏನು ಹೇಳುತ್ತೀ?"

ಎದ್ದರು, ದಾಟಿದರು, ಎಡಗಡೆ ಕುಳಿತರು. ಶಾಲು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹೋಯಿತು. ದನಿ ದಪ್ಪಗಾಯಿತು.

"ತೇವವೇ? ಅಯ್ಯಾ, ನಲ್ಲಿಯಲ್ಲಿ ನೀರು ಬಾರದ ಊರಿನಲ್ಲಿ ಗಂಗೆ ತಾನಾಗಿ ಗೋಡೆಯಲ್ಲಿ ಬಂದು ನಿಂತಿದ್ದಾಳೆ. ಕೈ ಮುಗಿಯುವುದು ಬಿಟ್ಟು ಕೊಸರಾಡುತ್ತೀಯಾ?"

ಬಲಗಡೆಯವರು ಒಂದು ಕ್ಷಣ ತಬ್ಬಿಬ್ಬಾದರು. ಅಂಬಾರಾಯ ಮುಂದಕ್ಕೆ ಸರಿದು ಕುಳಿತ. ತಮ್ಮವನು ಸೋಲುತ್ತಿದ್ದಾನೆ! ಆದರೆ ಬಲಗಡೆಯವರು ಚೇತರಿಸಿಕೊಂಡು, "ಗಂಗೆ ಸರಿ. ಲಿಫ್ಟ್ ಎಲ್ಲಿ?" ಎಂದು ಬಾಣ ಬಿಟ್ಟರು. ಎಡಗಡೆಯವರು ಅದಕ್ಕೂ ಜಗ್ಗಲಿಲ್ಲ. "ಮೆಟ್ಟಿಲು ಹತ್ತಿ ದೇವರನ್ನು ಕಾಣುವವರು ಮೆಟ್ಟಿಲು ಹತ್ತಿ ಮನೆಯನ್ನು ಕಾಣಲಾರರೇ?" ಎಂದರು. ರಮಾಕಾಂತ ಕಾಕಾ ಚಪ್ಪಾಳೆ ತಟ್ಟಿದರು, ಆಮೇಲೆ ಮುಜುಗರದಿಂದ ಕೈ ಒರೆಸಿಕೊಂಡರು.

ದರದ ಮಾತು ಬೇಗ ಮುಗಿಯಿತು. ಬಲಗಡೆಯವರು ಒಂದು ಅಂಕಿ ಹೇಳಿದರು, ಎಡಗಡೆಯವರು ಒಂದು ಅಂಕಿ ಹೇಳಿದರು. ಇಬ್ಬರಿಗೂ ಇಬ್ಬರ ಮನಸ್ಸೂ ಗೊತ್ತಿತ್ತು. ನಡುವಿನ ಅಂಕಿಗೆ ಬಂದು, ಎದ್ದು ನಿಂತು, ಸರ್ವೋತ್ತಮರು ತಮ್ಮ ಬಲಗೈಯಿಂದ ತಮ್ಮ ಎಡಗೈಯನ್ನು ಕುಲುಕಿದರು.

ಇನ್ನು ಮುಗಿಯಿತು ಎನ್ನುವಾಗ ಚಂದ್ರಬಾಯಿ ಬಾಗಿ ಅವರ ಬಲಗಿವಿಯಲ್ಲಿ ಹೇಳಿದಳು: "ಅಣ್ಣಾರ, ನಮಗ ಉಳದದ್ದು ಹೆಂಗಿದ್ರೂ ನಡಿತದ. ಮೂಡಣ ಗೋಡಿ ಒಂದ್ ಬೇಕ. ಅಲ್ಲಿ ದೇವರ ಮಾಡ ಕೊರಸಬೇಕು. ಹರಕಿ ಅದ." ಅದೇ ಹೊತ್ತಿಗೆ ಕಾಕಾ ಎಡಗಿವಿಯಲ್ಲಿ ಹೇಳಿದರು: "ಸಾಹೇಬ್, ಆ ಗೋಡಿದು ಮೊಳಿ ಮಾತ್ರ ಕೀಳಬಾರ್ದು. ನೌಕರಿ ಇದ್ದಾಗ ದಿನಾ ಮನೀಗಿ ಬಂದು ಚೀಲ ಆ ಮೊಳೀಗಿ ಹಾಕಿದ್ರನ ನನಗ ಮನಿ ಬಂತು ಅನಸ್ತಿತ್ತು. ನಾ ಸಾನಪಾಡಾಕ್ಕ ಹೋದ್ರೂ ಅದು ಇಲ್ಲಿ ಇರಬೇಕು."

ಕಿವಿಗಳು ಎರಡು, ತಲೆ ಒಂದೇ. ಸರ್ವೋತ್ತಮರ ಮುಖದಲ್ಲಿ ಎರಡು ಗುಟ್ಟುಗಳು ಡಿಕ್ಕಿ ಹೊಡೆದದ್ದು ಎಲ್ಲರಿಗೂ ಕಾಣಿಸಿತು. ಚಂದ್ರಬಾಯಿಯ ಕಡೆ ತಿರುಗಿ ಮೆಲ್ಲಗೆ, "ನಿಮ್ಮ ಗುಟ್ಟು ನಾನು ಅವನಿಗೆ ಹೇಳ್ಲಿಕ್ಕಿಲ್ಲ, ಅಕ್ಕಾ" ಎಂದರು. ಕಾಕಾರ ಕಡೆ ತಿರುಗಿ, "ನಿಮ್ಮದೂ ಅವನಿಗೆ ಗೊತ್ತಾಗ್ಲಿಕ್ಕಿಲ್ಲ" ಎಂದರು. ಆಮೇಲೆ ಯುದ್ಧ ಶುರುವಾಯಿತು.

"ಮೂಡಣ ಗೋಡೆ ನಮಗೆ ಸಂಪೂರ್ಣ ಬೇಕು!" ಎಂದರು ಬಲಗಡೆಯವರು, ಕಾರಣ ಹೇಳದೆ.

"ಮೂಡಣ ಗೋಡೆಯನ್ನು ಮುಟ್ಟಿದರೆ ಮನೆಯೇ ಇಲ್ಲ!" ಎಂದರು ಎಡಗಡೆಯವರು, ಅವರೂ ಕಾರಣ ಹೇಳದೆ.

"ಮೊಳೆಯ ಸಮೇತ ಕಿತ್ತು ಬಿಸಾಡುತ್ತೇವೆ!"

"ಕೀಳು, ನೋಡುವ! ನಿನ್ನ ಅಪ್ಪ ಹೊಡೆದ ಮೊಳೆಯೇ ಅದು?"

"ಅಪ್ಪನ ಸುದ್ದಿಗೆ ಬಂದೆಯಾ?"

ಒಂದೇ ಅಪ್ಪನ ಮಗ ಇಬ್ಬರೂ. ಆದರೂ ಸಿಟ್ಟು ಬಂತು. ಎಡಗಡೆಯ ಸರ್ವೋತ್ತಮರು ಶಾಲು ಕೊಡವಿ, "ಇಂಥವನ ಜೊತೆ ಮಾತಾಡುವುದೇ ತಪ್ಪು" ಎಂದು ದಡದಡನೆ ಹೊರಗೆ ಹೋದರು. ಬೇರೆ ದಾರಿಯಿಲ್ಲದೆ ಬಲಗಡೆಯವರೂ ಅವರ ಜೊತೆಯಲ್ಲೇ ಹೋಗಬೇಕಾಯಿತು.

ಎರಡು ಖಾಲಿ ಕುರ್ಚಿಗಳ ಆಚೀಚೆ ಮೂವರು ಉಳಿದರು. ಅಂಬಾರಾಯ ಕೆಮ್ಮಿ, "ಕಾಕಾ, ಒಂದ್ ಮಾತು..." ಎಂದ.

"ಬ್ಯಾಡ್ರಿ," ಎಂದು ಕಾಕಾ ಕೈ ಅಡ್ಡ ಹಿಡಿದರು. "ಇಬ್ರೂ ವೀಳ್ಯ ಕೊಟ್ಟೀವಿ. ಅವರಿಲ್ಲದಾಗ ನಾವು ಮನಿ ಮಾತು ಆಡೂದು ಛಲೋ ಅಲ್ಲ. ಇನ್ನೊಂದು ಕಪ್ ಚಹಾ ತಗೋರಿ. ಚಹಾಕ್ಕೇನು ಏಜೆಂಟ್ ಬೇಕಾಗಿಲ್ಲ."

ಮೂವರೂ ಚಹಾ ಕುಡಿದರು, ಸೊಲ್ಲಾಪುರದ ಬಿಸಿಲು ಹೆಚ್ಚೋ ಕಲಬುರಗಿಯ ಬಿಸಿಲು ಹೆಚ್ಚೋ ಎಂದು ಮಾತಾಡಿದರು. ಮೊಳೆಯ ಕಡೆ ಯಾರೂ ನೋಡಲಿಲ್ಲ. ಬಾಗಿಲವರೆಗೆ ಬಂದ ಕಾಕಾ ಮಾತ್ರ ತಡೆಯಲಾರದೆ, "ಬರೂ ಭಾನುವಾರ ಸಂಜಿಕ ಸಂಯುಕ್ತಾ ಬ್ಯಾರೆ ಪಾರ್ಟಿ ಕರಕೊಂಡ್ ಬರ್ತಾಳ. ನಾ ಏನೂ ಹೇಳಲಿಲ್ಲ, ನೀವ್ ಏನೂ ಕೇಳಲಿಲ್ಲ" ಎಂದರು.

ಆ ವಾರ ಚಂದ್ರಬಾಯಿಗೆ ಅನ್ನ ಸೇರಲಿಲ್ಲ. ಫ್ರಿಜ್ಜಿನ ಮೇಲಿನ ದೇವರ ಮುಂದೆ ದೀಪ ಹಚ್ಚುವಾಗೆಲ್ಲ, ಫ್ರಿಜ್ ಗುರ್ರೆಂದು ದೇವರು ಸಣ್ಣಗೆ ಅಲುಗುತ್ತಿದ್ದ. ಹರಕೆ ನೆನಪಿಸುತ್ತಿದ್ದಾನೆ ಎಂದೇ ಅವಳು ತಿಳಿದಳು. ಕೊನೆಗೆ ಒಬ್ಬಳೇ ಎದ್ದು ಡೊಂಬಿವಲಿಗೆ ಹೋಗಿ ಜಿನ್ನೆಯ ಕೆಳಗೆ ನಿಂತಳು.

ಸರ್ವೋತ್ತಮರು ಸೊರಗಿ ಹೋಗಿದ್ದರು. "ಅವನ ಜೊತೆ ಮಾತಿಲ್ಲ, ಅಕ್ಕಾ. ನಿಮಗೋಸ್ಕರ ಮಾನ ಬಿಟ್ಟು ನಾನೇ ಫೋನ್ ಮಾಡಿದೆ. ಯಾವಾಗ ಮಾಡಿದರೂ ಬಿಜಿ. ನೋಡಿ ಬೇಕಾದರೆ." ತಮ್ಮ ಮೊಬೈಲಿನಿಂದ ತಮ್ಮದೇ ನಂಬರಿಗೆ ಹಚ್ಚಿ ಅವಳ ಕಿವಿಗೆ ಹಿಡಿದರು. ಬಿಜಿ ಇತ್ತು. "ಕಂಡಿರಾ ಅಹಂಕಾರ? ನನ್ನ ಫೋನ್ ಅಂತ ಗೊತ್ತಿದ್ದೇ ಎತ್ತುವುದಿಲ್ಲ."

ಚಂದ್ರಬಾಯಿ ನಗಲಿಲ್ಲ. ಹುಚ್ಚನೆಂದೂ ತಿಳಿಯಲಿಲ್ಲ. ಅವಳ ಊರಿನಲ್ಲಿ ಮೈಲಾರನ ಗೊರವಯ್ಯಂದಿರು ದೇವರ ನಾಯಿಯಾಗಿ ಬೊಗಳಿ, ದೋಣಿಯೆಂಬ ಮರದ ಬಟ್ಟಲಿನಲ್ಲಿ ಹಾಲು ಕುಡಿದು, ಆಮೇಲೆ ಎದ್ದು ಬೀಡಿ ಸೇದುತ್ತ ಮನೆಗೆ ಹೋಗುವುದನ್ನು ನೋಡುತ್ತ ಬೆಳೆದವಳು. ಒಬ್ಬ ಮನುಷ್ಯನೊಳಗೆ ಎಷ್ಟು ಜನ ಇರುತ್ತಾರೆ ಎಂಬುದು ದೇವರಿಗೆ ಬಿಟ್ಟ ಲೆಕ್ಕ.

"ಅಣ್ಣಾರ, ನಿಮ್ ಆಟದಾಗ ಇಂಥಾ ಜಗಳ ಬಿಡಸೋರು ಯಾರು?" ಎಂದು ಕೇಳಿದಳು.

"ಭಾಗವತರು! ಅವರು ಪದ ಎತ್ತಿದರೆ ಅರ್ಥಧಾರಿ ಅರ್ಧ ಮಾತಿನಲ್ಲಿದ್ದರೂ ಬಾಯಿ ಮುಚ್ಚಬೇಕು. ಅದು ಧರ್ಮ." ಸರ್ವೋತ್ತಮರು ನಿಟ್ಟುಸಿರು ಬಿಟ್ಟರು. "ನಮ್ಮಲ್ಲಿ ಭಾಗವತರೇ ಇರಲಿಲ್ಲ. ಅದೇ ತಪ್ಪಾದ್ದು. ತಾಳ ಇಲ್ಲದೆ ಮಾತು ಶುರು ಮಾಡಬಾರದಿತ್ತು."

"ತಾಳ ನಮ್ಮನ್ಯಾಗ ಅದಾವ," ಎಂದಳು ಚಂದ್ರಬಾಯಿ.

ಭಾನುವಾರ ಬೆಳಿಗ್ಗೆ ಮತ್ತೆ ಎಲ್ಲರೂ ಸೇರಿದರು. ಸಂಜೆ ಬೇರೆ ಪಾರ್ಟಿ ಬರುವುದಿತ್ತು. ಚಂದ್ರಬಾಯಿ ಸ್ನಾನ ಮಾಡಿ, ಹಣೆ ತುಂಬ ಭಂಡಾರ ಹಚ್ಚಿ, ಮೂರ್ತಿಯನ್ನು ಸೆರಗಿನಲ್ಲಿ ಸುತ್ತಿ, ಚೀಲ ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ಎರಡು ಕುರ್ಚಿಗಳ ನಡುವೆ ನೆಲದ ಮೇಲೆ ಕುಳಿತಳು. ಎಡಗಡೆಯವರು ಬಲಗಡೆಯವರ ಮುಖ ನೋಡಲಿಲ್ಲ. ಬಲಗಡೆಯವರೂ ಅಷ್ಟೇ. ಆದರೂ ತಾಳದ ಸದ್ದು ಕೇಳಿದೊಡನೆ ಇಬ್ಬರಿಗೂ ಉಸಿರು ಬಂತು.

ಮಾತು ಈ ಸಲ ಎಲ್ಲಿಂದೆಲ್ಲಿಗೋ ಹೋಯಿತು. ಗೋಡೆ ಇರುವುದರಿಂದ ಮೊಳೆಯೋ, ಮೊಳೆ ಇರುವುದರಿಂದ ಗೋಡೆಯೋ? ಮೊಳೆಯನ್ನು ಬಿಟ್ಟು ಮನೆ ಮಾರಿದವನು ಮನೆಯನ್ನು ಮಾರಿದ ಹಾಗೋ, ತೂತನ್ನು ಮಾರಿದ ಹಾಗೋ? ಕಿತ್ತ ಮೊಳೆಯ ತೂತು ಯಾರಿಗೆ ಸೇರಬೇಕು, ಮಾರಿದವನಿಗೋ ಕೊಂಡವನಿಗೋ? ಸರ್ವೋತ್ತಮರು ಕುರ್ಚಿಯಿಂದ ಕುರ್ಚಿಗೆ ಹಾರುತ್ತಿದ್ದ ವೇಗಕ್ಕೆ ಫ್ಯಾನಿನ ಅಗತ್ಯವಿರಲಿಲ್ಲ. ಅಂಬಾರಾಯನ ಕತ್ತು ನೋಯತೊಡಗಿತು.

ಚಂದ್ರಬಾಯಿ ಮಾತು ಕೇಳುತ್ತಿರಲಿಲ್ಲ. ಮೊಳೆಯನ್ನು ನೋಡುತ್ತಿದ್ದಳು. ಅದಕ್ಕೆ ತೂಗುತ್ತಿದ್ದ ಕಾಕಾರ ಬಟ್ಟೆಯ ಚೀಲವನ್ನು ನೋಡುತ್ತಿದ್ದಳು. ಹಿಡಿಕೆ ಸವೆದು ತೆಳ್ಳಗಾದ ಚೀಲ, ತನ್ನ ಹೆಗಲ ಮೇಲಿನ ಚೀಲದ ಹಾಗೆಯೇ. ಆಗ ತವರಿನ ಮಾಡ ಕಣ್ಣ ಮುಂದೆ ಬಂತು. ಮಾಡದ ಮೇಲೆ ಒಂದು ಮೊಳೆ ಇತ್ತಲ್ಲವೇ? ಭಂಡಾರದ ಚೀಲ ಅದಕ್ಕೇ ತೂಗುತ್ತಿತ್ತಲ್ಲವೇ? ಮೊಳೆ ಕೀಳಬೇಕು ಎಂದು ಇಷ್ಟಕ್ಕೂ ಹೇಳಿದವರು ಯಾರು? ತಾನು ಹೇಳಿರಲಿಲ್ಲ. ಮಾಡ ಬೇಡ ಎಂದವರು ಯಾರು? ಕಾಕಾ ಹೇಳಿರಲಿಲ್ಲ.

ತಾಳ ಎತ್ತಿ ಝಣ್ ಎನ್ನಿಸಿದಳು. ಸರ್ವೋತ್ತಮರು ಎಡಗಡೆಯಿಂದ ಬಲಗಡೆಗೆ ಹಾರುತ್ತಿದ್ದವರು ಭಾಗವತರ ಧರ್ಮಕ್ಕೆ ಕಟ್ಟುಬಿದ್ದು, ಎರಡು ಕುರ್ಚಿಗಳ ನಡುವೆ, ಒಂದು ಕಾಲು ಎತ್ತಿದ ಹಾಗೆಯೇ ನಿಂತರು. ಆಗ ಅವರು ಯಾರ ಪರವೂ ಅಲ್ಲ. ಯಾರ ಪರವೂ ಅಲ್ಲದ ಸರ್ವೋತ್ತಮರ ಮುಖ ಎಷ್ಟು ಶಾಂತವಾಗಿತ್ತೆಂದರೆ, ಕಾಕಾ ಆಮೇಲೂ ಅದನ್ನು ಹೇಳಿಕೊಂಡು ತಿರುಗಿದರು.

ಚಂದ್ರಬಾಯಿ ಅವ್ವನಿಂದ ಕಲಿತ ದೇವರ ಪದ ಹಾಡಿದಳು. ದನಿ ಒಡಕಾಗಿತ್ತು, ಮನಸ್ಸು ಒಡಕಾಗಿರಲಿಲ್ಲ. ಪದದ ಕೊನೆಗೆ, ಮೈಲಾರನ ಭಕ್ತರೆಲ್ಲ ಕೂಗುವ ಹಾಗೆ, ಚೀಲದಿಂದ ಒಂದು ಹಿಡಿ ಭಂಡಾರ ತೆಗೆದು ಮೇಲಕ್ಕೆ ಎಸೆದು ಕೂಗಿದಳು:

"ಏಳು ಕೋಟಿ, ಏಳು ಕೋಟಿಗೋ!"

"ಏಳು ಕೋಟಿಗೋ!" ಎಂದ ಅಂಬಾರಾಯ, ಹುಟ್ಟಿನಿಂದ ಬಂದ ರೂಢಿಯಂತೆ.

ಸರ್ವೋತ್ತಮರ ಎತ್ತಿದ ಕಾಲು ನೆಲಕ್ಕೆ ಬಿತ್ತು. ಯೇಳಕೋಟ ಎಂದು ಮರಾಠಿಯವರು ಕೂಗುವುದನ್ನು ಡೊಂಬಿವಲಿಯಲ್ಲಿ ಅವರು ಎಷ್ಟೋ ಸಲ ಕೇಳಿದ್ದರು. ಆದರೆ ಇದೂ ಅದೇ ಕೂಗು ಎಂದು ಹೊಳೆಯಲಿಲ್ಲ; ಕನ್ನಡದಲ್ಲಿ ಹೀಗೆ, ವ್ಯಾಪಾರದ ನಡುವೆ, ಬಿಡಿಬಿಡಿಯಾಗಿ ಬಂದದ್ದು ಅವರ ಕಿವಿಗೆ ದರದ ಅಂಕಿಯಾಗಿಯೇ ಕೇಳಿಸಿತು. ಎಡಗಡೆಯ ಕುರ್ಚಿಯಲ್ಲಿ ಕುಸಿದು ಕುಳಿತು ಕಿರುಚಿದರು:

"ಏಳು ಕೋಟಿ! ಒಪ್ಪಿದೆವು! ಮೊಳೆಯೂ ನಿಮ್ಮದೇ, ಗೋಡೆಯೂ ನಿಮ್ಮದೇ!"

ಮರುಕ್ಷಣ ಬಲಗಡೆಗೆ ಹಾರಿದರು. "ಅಕ್ಕಾ! ಎಂತ ಮಾಡಿದಿರಿ! ಮೇಲಿನ ಗಾಳಿ ಹೊಡೆಯಿತಾ? ಒಂದು ರೂಮು ಕಿಚನಿಗೆ ಏಳು ಕೋಟಿಯೇ? ಬಚ್ಚಲಲ್ಲಿ ಗಂಗೆ ಬೇರೆ ಸೋರ್ತಾ ಇದ್ದಾಳೆ!"

ಎಡಗಡೆಗೆ ಹಾರಿದರು. "ಗಂಡನೂ ಒಪ್ಪಿ ಕೂಗಿದ್ದಾನೆ! ಸಾಕ್ಷಿ ಉಂಟು!"

ಬಲಗಡೆಗೆ ಹಾರಿದರು. "ಭಾಗವತರು ದರ ಹೇಳುವ ಕ್ರಮ ಇಲ್ಲ! ಅದು ಸಲ್ಲುವುದಿಲ್ಲ!"

ಅವರ ಗದ್ದಲವನ್ನು ಕೇಳುವವರು ಯಾರೂ ಇರಲಿಲ್ಲ. ರಮಾಕಾಂತ ಕಾಕಾ ಎದ್ದು ನಿಂತಿದ್ದರು. ಅವರ ಬಿಳಿಯ ಕೂದಲಿನ ಮೇಲೆ ಭಂಡಾರ ಬಿದ್ದು ಹಳದಿಯಾಗಿತ್ತು. ಕೈ ಮುಗಿದು ಅವರು ಕೂಗಿಗೆ ಓಗೊಟ್ಟರು: "ಯೇಳಕೋಟ ಯೇಳಕೋಟ, ಜಯ ಮಲ್ಹಾರ!"

ಆಮೇಲೆ, ವೀಳ್ಯವನ್ನೂ ಮರೆತು, ನೇರ ಚಂದ್ರಬಾಯಿಯನ್ನೇ ಕೇಳಿದರು. "ನಿಮ್ ಮನಿ ದೇವರು ಮೈಲಾರೇನ್ ತಂಗಿ? ನಾವು ಖಂಡೋಬಾ ಅನ್ನಾಂವ ಅವನ ಅಲ್ಲೇನು?"

"ಹೌದ್ರಿ ಅಣ್ಣಾ. ಇಷ್ಟ್ ದಿನ ಫ್ರಿಜ್ಜಿನ ಮ್ಯಾಲ ಕುಂತಾನ. ಈ ಗೋಡ್ಯಾಗ ಮಾಡ ಕೊರಸ್ತೀನಂತ ಹರಕಿ ಹೊತ್ತೀನಿ." ಅವಳು ಎದ್ದು ಗೋಡೆಯ ಹತ್ತಿರ ಹೋದಳು. ಮೊಳೆಯ ಕೆಳಗೆ, ಒಂದು ಗೇಣು ಬಿಟ್ಟು, ಬೆರಳಿನಿಂದ ಚೌಕ ಬರೆದು ತೋರಿಸಿದಳು. ಬೆರಳಿನ ಅರಿಶಿನದಿಂದ ಗೋಡೆಯ ಮೇಲೆ ಹಳದಿ ಗೆರೆ ಮೂಡಿತು. "ಮಾಡ ಇಲ್ಲಿ. ಮೊಳಿ ಅಲ್ಲೇ ಇರಲಿ, ದೇವರ ಚೀಲಕ್ಕ ಮೊಳಿ ಬೇಕ ಬೇಕಲ್ಲ. ನೀವ್ ಬಂದ ದಿನ ನಿಮ್ ಚೀಲ ಹಾಕ್ರಿ. ಮೈಲಾರ ತನ್ನ ಚೀಲ ಒಂಚೂರ್ ಸರಸ್ಕೊಂಡು ಜಾಗ ಕೊಡ್ತಾನ."

ಕಾಕಾ ಗೋಡೆಯ ಹತ್ತಿರ ಬಂದರು. ತಮ್ಮ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡರು. ಖಾಲಿ ಮೊಳೆಯನ್ನು ಅವಳಿಗೆ ತೋರಿಸಿದರು. ಚಂದ್ರಬಾಯಿ ಭಂಡಾರದ ಚೀಲವನ್ನು ಅದಕ್ಕೆ ತೂಗುಹಾಕಿದಳು. ಅದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೂಗಿ, ನಿಂತಿತು.

"ಹಾಗಾದರೆ," ಎಂದು ಸರ್ವೋತ್ತಮರು ಯಾವ ಕುರ್ಚಿಯಲ್ಲಿ ಕೂರಬೇಕೆಂದು ತಿಳಿಯದೆ ಕೇಳಿದರು, "ಆ ಏಳು ಕೋಟಿ?"

"ಅದು ದೇವರ ದಂಡಿಂದು ಲೆಕ್ಕರಿ," ಎಂದ ಅಂಬಾರಾಯ. "ಏಳು ಕೋಟಿ ಮಂದಿ. ನಮ್ಮ ಕಡಿ ಅವರದಾರ, ಏನ್ ತಿಳದೀರಿ?"

ಸಂಜೆ ಬರಬೇಕಾಗಿದ್ದ ಪಾರ್ಟಿಗೆ ಬರಬೇಡಿರೆಂದು ಕಾಕಾ ಸಂಯುಕ್ತಾಳಿಗೆ ಫೋನ್ ಮಾಡಿದರು. ಕಾಗದಪತ್ರವೆಲ್ಲ ಮುಗಿದು ಕೀಲಿಕೈ ಕೊಡುವ ದಿನ ಅವರು ಗಂಭೀರವಾಗಿ, "ತಂಗಿ, ಗೋಡಿಗಿ ಮೊಳಿ..." ಎಂದು ಶುರು ಮಾಡಿದಾಗ ಚಂದ್ರಬಾಯಿಯ ಎದೆ ಹಳೆಯ ಅಭ್ಯಾಸದಿಂದ ಧಸಕ್ಕೆಂದಿತು. "ಎಷ್ಟ್ ಬೇಕಾದ್ರ ಅಷ್ಟ್ ಹೊಡ್ಕೋ," ಎಂದು ಅವರು ಮುಗಿಸಿದರು.

ಮನೆ ಹೊಕ್ಕ ದಿನ ಮೈಲಾರಲಿಂಗ ಮಾಡದಲ್ಲಿ ಕುಳಿತ. ಕುದುರೆ ಮೊದಲ ಸಲ ಅಲುಗದೆ ನಿಂತಿತು. ವಿಠ್ಠಲವಾಡಿಯ ಚಾಳಿನವರೆಲ್ಲ ಬಂದಿದ್ದರು. ಅನಸೂಯಾ ರೊಟ್ಟಿಯ ಬುಟ್ಟಿ ಇಳಿಸಿ, "ಹಂಗಾರ ಚಂದ್ರಕ್ಕ, ಮನಿ ತಗೊಳ್ಳೋರು ತಮ್ಮಾಂವ ಅಂತ ಒಬ್ಬ ಏಜೆಂಟ್ನ ಇಟ್ಕೋಬೇಕೋ ಬ್ಯಾಡೋ? ಚಾಳಿನಾಗ ಎಲ್ಲಾರೂ ಕೇಳಾಕತ್ತಾರ" ಎಂದಳು.

ಚಂದ್ರಬಾಯಿ ಯೋಚಿಸಿ ಹೇಳಿದಳು. "ಇಟ್ಕೋಬೇಕವ್ವ. ಆದ್ರ ಇಟ್ಕೊಳ್ಳೋ ಮುಂದ, ಅವ್ನೊಳಗ ಅವ್ನೊಬ್ಬನ ಅದಾನೋ ಹ್ಯಾಂಗೋ, ಕೇಳಿ ಇಟ್ಕೋಬೇಕು."

ಊಟಕ್ಕೆ ಎಲೆ ಹಾಕುವಾಗ ಅವಳು ಸರ್ವೋತ್ತಮರಿಗೆ ಎರಡು ಎಲೆ ಹಾಕಿದಳು. ಅವರಿಗೆ ಹೇಳಬೇಕಾಗಲಿಲ್ಲ. ಬಲಗಡೆಯ ಎಲೆಯಲ್ಲಿ ಉಂಡು, ಕೈ ತೊಳೆದು ಬಂದು, ಎಡಗಡೆಯ ಎಲೆಯ ಮುಂದೆ ಕುಳಿತರು. ಇಬ್ಬರಿಗೂ ಇನ್ನೂ ಮಾತಿರಲಿಲ್ಲ. ಚಂದ್ರಬಾಯಿ ಹೂರಣದ ಹೋಳಿಗೆ ತಂದಳು. ಉಳಿದದ್ದು ಒಂದೇ ಇತ್ತು. ಅದನ್ನು ಎರಡು ಎಲೆಗಳ ನಡುವೆ, ಅರ್ಧ ಇತ್ತ ಅರ್ಧ ಅತ್ತ ಬೀಳುವಂತೆ ಬಡಿಸಿ, ಮೇಲೆ ತುಪ್ಪ ಹಾಕಿದಳು.

ಸರ್ವೋತ್ತಮರು ಬಹಳ ಹೊತ್ತು ಹೋಳಿಗೆಯನ್ನು ನೋಡಿದರು. ಆಮೇಲೆ ಎಡಗಡೆಗೆ ಬಾಗಿ, ತಗ್ಗಿದ ದನಿಯಲ್ಲಿ, "ನೀನು ಮೊದಲು ತಗೊಳ್ಳೋ ಮಾರಾಯ" ಎಂದರು.

ಮೊಳೆಗೆ ಎರಡು ಚೀಲ ತೂಗುತ್ತಿದ್ದವು. ಕಾಕಾ ಬಂದಿದ್ದರು.